ಎಲ್ಲ ಸೈಟಿಗೂ ಒಬ್ಬನದೇ ಸಹಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಶಿರಸಿಯಲ್ಲಿ ಬಿಡಕಿಬೈಲಿನ ಹತ್ತಿರ ನನ್ನದೊಂದು ಸಣ್ಣ ಆನ್‌ಲೈನ್ ಸೆಂಟರ್ ಇದೆ. ಪಹಣಿ, ಜೆರಾಕ್ಸ್, ಜಿಎಸ್‌ಟಿ ರಿಟರ್ನ್, ಇಷ್ಟೇ ಕೆಲಸ. ಅಲ್ಲಿನ ಕಂಪ್ಯೂಟರನ್ನು ಒಂದು ಭಾನುವಾರ ಕೂತು ವಿಂಡೋಸ್ 11ಕ್ಕೆ ಏರಿಸಿದೆ. ಹಳೆಯದನ್ನು ಅಳಿಸಲಿಲ್ಲ, ಇದ್ದದ್ದರ ಮೇಲೇ ಹಾಕಿದೆ. ಡೆಸ್ಕ್‌ಟಾಪ್ ಕಂಡಿತಲ್ಲ, ಅಷ್ಟು ಸಾಕು ಅಂತ ಮೇನ್ ಸ್ವಿಚ್ಚನ್ನೂ ಆಫ್ ಮಾಡಿ ಮನೆಗೆ ಹೋದೆ. ದಿನಾ ಹಾಗೆ ಮಾಡುವುದಿಲ್ಲ.

ಸೋಮವಾರ ಯಾವ ಸೈಟ್ ತೆಗೆದರೂ ಕೆಂಪು ತ್ರಿಕೋನ. ಅಡಿಕೆ ಕೊನೆಕೊಯ್ಲಿನ ಹೊತ್ತು, ಸಾಲಕ್ಕೆ ಪಹಣಿ ಬೇಕು ಅಂತ ಹಿರಿಯರೊಬ್ಬರು ಬಂದು ಕೂತಿದ್ದರು. “ಎಂತಾತಾ ತಮಾ, ಪಹಣಿ ಬತ್ತಿಲ್ಯಾ?” ಅಂತ ಎರಡು ಸಲ ಕೇಳಿದರು.

ಕ್ರೋಮ್ ‘ನಿಮ್ಮ ಗಡಿಯಾರ ಹಿಂದಿದೆ’ ಅಂತ ತೋರಿಸುತ್ತಿತ್ತು. ನೋಡಿದರೆ ಕಂಪ್ಯೂಟರಿನಲ್ಲಿ 2018ನೇ ಇಸವಿ! ಇದು ಅಸಲಿ ಸೈಟೇ ಅಂತ ನಂಬಿಕಸ್ತರೊಬ್ಬರು ಸಹಿ ಹಾಕಿಕೊಟ್ಟ ಗುರುತಿನ ಚೀಟಿಯೇ ಸರ್ಟಿಫಿಕೇಟ್. ಪ್ರತಿ ಸೈಟಿನ ಸರ್ಟಿಫಿಕೇಟಿಗೂ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ವಾಯಿದೆ ಇರುತ್ತದೆ. ಕೆಲವಕ್ಕೆ 90 ದಿನ ಮಾತ್ರ. 2018ರಲ್ಲಿ ನಿಂತು ನೋಡುವ ಕಂಪ್ಯೂಟರಿಗೆ ಅವು ಇನ್ನೂ ಹುಟ್ಟೇ ಇಲ್ಲ. ತಪ್ಪು ವಿಂಡೋಸ್‌ನದ್ದಲ್ಲ. ಕರೆಂಟಿಲ್ಲದಾಗ ಗಡಿಯಾರ ನಡೆಸುವ, ಮದರ್‌ಬೋರ್ಡಿನ ಬಿಲ್ಲೆಯಂಥ ಸೆಲ್, ಸಿಆರ್2032, ಸತ್ತಿತ್ತು. ಕರೆಂಟು ಪೂರ್ತಿ ಹೋದ ರಾತ್ರಿ ಅದು ಬಯಲಾಯಿತು, ಅಷ್ಟೇ. ಪಕ್ಕದ ವಾಚಿನ ಅಂಗಡಿಯಲ್ಲೇ ಹೊಸ ಸೆಲ್ ಸಿಕ್ಕಿತು. ತಾರೀಖನ್ನು ಕೈಯಾರೆ ಸರಿ ಮಾಡಿ, ಆಮೇಲೆ ‘ಸಿಂಕ್ ನೌ’ ಒತ್ತಿದೆ.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ತ್ರಿಕೋನ ಹೋಗಲೇ ಇಲ್ಲ! ಆದರೆ ಕೆಳಗಿನ ಸಣ್ಣ ಅಕ್ಷರ ಬದಲಾಗಿತ್ತು. ಮೊದಲು ‘ಡೇಟ್ ಇನ್‌ವ್ಯಾಲಿಡ್’ ಅಂತಿದ್ದದ್ದು ಈಗ ‘ಅಥಾರಿಟಿ ಇನ್‌ವ್ಯಾಲಿಡ್’, ಅಂದರೆ ಸಹಿ ಹಾಕಿದವನು ನಂಬಿಕಸ್ತರ ಪಟ್ಟಿಯಲ್ಲಿಲ್ಲ. ಅದನ್ನು ಗಮನಿಸದೆ ಅರ್ಧ ಗಂಟೆ ಸುಮ್ನೆ ಹಾಳು ಮಾಡಿದೆ. ಬ್ರೌಸರಿನ ಕ್ಯಾಶ್ ಅಳಿಸಿದೆ, ರೂಟರ್ ಆಫ್ ಮಾಡಿ ಆನ್ ಮಾಡಿದೆ. ಗೆಳೆಯನೊಬ್ಬ ಫೋನಿನಲ್ಲಿ, “ಅಡ್ವಾನ್ಸ್‌ಡ್ ಒತ್ತಿ ಮುಂದೆ ಹೋಗು ಮಾರಾಯಾ” ಅಂದ. ಜನ ತಮ್ಮ ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುವ ಕಂಪ್ಯೂಟರದು. ಒತ್ತಲಿಲ್ಲ. ಒತ್ತಿದ್ದರೂ ಎಲ್ಲ ಸೈಟೂ ಬಿಡುವುದಿಲ್ಲ, ಕೆಲವಕ್ಕೆ ಆ ದಾರಿಯೇ ಇರುವುದಿಲ್ಲ.

ಅದೇ ವೈಫೈಯಲ್ಲಿ ನನ್ನ ಫೋನಿನಲ್ಲಿ ಎಲ್ಲವೂ ಸರಿಯಾಗಿ ತೆರೆಯಿತು. ಫೋನಿನ ಹಾಟ್‌ಸ್ಪಾಟ್ ಕಂಪ್ಯೂಟರಿಗೆ ಕೊಟ್ಟರೆ ಮತ್ತೆ ತ್ರಿಕೋನ. ಅಂದರೆ ಲೈನಿನದ್ದಲ್ಲ, ಸೈಟಿನದ್ದೂ ಅಲ್ಲ. ಫೈರ್‌ಫಾಕ್ಸ್ ನಂಬಿಕಸ್ತರ ಪಟ್ಟಿಯನ್ನು ತನ್ನದೇ ಬೇರೆ ಇಟ್ಟುಕೊಳ್ಳುತ್ತದೆ. ಅದೂ ಒಪ್ಪಲಿಲ್ಲ.

ಆಮೇಲೆ, ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ವಿಳಾಸದ ಪಕ್ಕದ ‘ನಾಟ್ ಸೆಕ್ಯೂರ್’ ಒತ್ತಿ ಸರ್ಟಿಫಿಕೇಟ್ ತೆಗೆದು ‘ಇಶ್ಯೂಡ್ ಬೈ’ ಸಾಲು ಓದಿದೆ. ಗೂಗಲ್‌ನ ಸೈಟಿಗೆ ಸಹಿ ಹಾಕಿದ್ದು ನಾನು ಎರಡು ವರ್ಷದ ಹಿಂದೆ ಹಾಕಿಸಿದ್ದ ಆಂಟಿವೈರಸ್. ಬ್ಯಾಂಕಿನದ್ದು ತೆಗೆದೆ, ಅದೇ ಹೆಸರು. ಪಹಣಿಯ ಸೈಟಿಗೂ ಅದೇ. ಮೂರು ಬೇರೆ ಬೇರೆ ಊರಿನ ಮಾಲಿಗೆ ಒಬ್ಬನೇ ಮುದ್ರೆ ಒತ್ತಿದ್ದಾನೆ ಅಂದರೆ ಅವನು ನಮ್ಮ ಬಾಗಿಲಲ್ಲೇ ಕೂತಿದ್ದಾನೆ ಅಂತ ಅರ್ಥ, ಅಲ್ವಾ?

ಕೆಲವು ಆಂಟಿವೈರಸ್‌ಗಳು ಬೀಗ ಹಾಕಿ ಬರುವ ಪುಟವನ್ನೂ ನಡುವೆ ಬಿಚ್ಚಿ ನೋಡುತ್ತವೆ. ಅಡಿಕೆ ಚೀಲ ಬಿಚ್ಚಿ ನೋಡಿ, ಮತ್ತೆ ಹೊಲಿದು, ತನ್ನ ಮುದ್ರೆ ಒತ್ತಿ ಕಳಿಸಿದ ಹಾಗೆ. ಆ ಮುದ್ರೆ ವಿಂಡೋಸ್‌ನ ಪಟ್ಟಿಯಲ್ಲಿ ಇರುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ನನ್ನಲ್ಲಿ ವಿಂಡೋಸ್ ಏರಿಸಿದ ಮೇಲೆ ಆಂಟಿವೈರಸ್ ಒತ್ತುತ್ತಿದ್ದ ಮುದ್ರೆ ಬೇರೆ, ಪಟ್ಟಿಯಲ್ಲಿ ಉಳಿದಿದ್ದ ಹಳೇ ಮುದ್ರೆ ಬೇರೆ. ಬ್ರೌಸರ್ ಕೂಗಿದ್ದು ಸರಿಯೇ. ಎರಡು ವರ್ಷ ಎಲ್ಲರ ಚೀಲವನ್ನೂ ಇದು ಬಿಚ್ಚುತ್ತಿತ್ತು ಅನ್ನುವುದೇ ನನಗೆ ಜಾಸ್ತಿ ಕಸಿವಿಸಿ ತಂದದ್ದು.

ಅದರ ಸೆಟ್ಟಿಂಗ್ಸ್‌ನಲ್ಲಿ ‘ಎಚ್‌ಟಿಟಿಪಿಎಸ್ ಸ್ಕ್ಯಾನಿಂಗ್’, ಅಂದರೆ ಈ ಬಿಚ್ಚಿ ನೋಡುವ ಕೆಲಸ, ಆಫ್ ಮಾಡಿದ ತಕ್ಷಣ ಪುಟಗಳು ತೆರೆದವು. ಹಿರಿಯರ ಪಹಣಿ ಪ್ರಿಂಟಾಯಿತು. ಸಂಜೆ ಆಂಟಿವೈರಸ್ಸನ್ನೇ ಕಿತ್ತುಹಾಕಿದೆ. ಕಂಟ್ರೋಲ್ ಪ್ಯಾನೆಲ್‌ನಿಂದ ತೆಗೆದರೆ ಚೂರುಪಾರು ಉಳಿಯುತ್ತದೆ, ಕಂಪನಿಯವರದ್ದೇ ತೆಗೆಯುವ ಟೂಲ್ ಓಡಿಸಬೇಕು. ಬೇರೆ ಯಾವುದೂ ಇಲ್ಲದಿದ್ದರೆ ವಿಂಡೋಸ್‌ನ ಡಿಫೆಂಡರ್ ತಾನೇ ಶುರುವಾಗುತ್ತದೆ. ನನ್ನ ಅಂಗಡಿಗೆ ಅದು ಸಾಕು.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ವಿಂಡೋಸ್‌ನ ಸರ್ಟಿಫಿಕೇಟುಗಳನ್ನು ತೋರಿಸುವ ಸರ್ಟ್‌ಮ್ಯಾನೇಜರ್ ತೆಗೆದು ‘ಟ್ರಸ್ಟೆಡ್ ರೂಟ್’ ಅನ್ನುವ ನಂಬಿಕಸ್ತರ ಪಟ್ಟಿಯಲ್ಲಿ ಆ ಹಳೇ ಮುದ್ರೆ ಅಳಿಸುವಾಗ, ಅದರ ಪಕ್ಕ ಗುರುತಿಲ್ಲದ ಇನ್ನೊಂದು ಹೆಸರು ಕಂಡು ಅದನ್ನೂ ಅಳಿಸಿದೆ. ಅದು ಡಿಜಿಟಲ್ ಸಹಿ ಹಾಕುವ ತಂತ್ರಾಂಶ ತನ್ನ ಕೆಲಸಕ್ಕೆ ಇಟ್ಟುಕೊಂಡಿದ್ದ ಸರ್ಟಿಫಿಕೇಟ್. ಮಾರನೇ ದಿನ ಒಂದು ಕಂಪನಿಯ ಜಿಎಸ್‌ಟಿ ರಿಟರ್ನ್‌ಗೆ ಸಹಿ ಬೀಳಲಿಲ್ಲ. ಆ ತಂತ್ರಾಂಶವನ್ನು ಮತ್ತೆ ಮೊದಲಿಂದ ಹಾಕಿ ಸಹಿ ಬೀಳಿಸುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು.