ಡಬಲ್ ಮಾರ್ಕರ್‌ಗೆ ಹೋಗುವ ಮೊದಲು ತಾರೀಖು ಬರೆದಿಡಿ

ಕಲಬುರಗಿಯ ಒಂದು ಲ್ಯಾಬ್ ಕೌಂಟರಿನಲ್ಲಿ ಕೂತು ಕೆಲವು ವರ್ಷ ಬಸುರಿಯರ ಫಾರ್ಮ್ ತುಂಬಿಸಿದ್ದೇನೆ. 'ಕೊನೇ ಸಲ ಮುಟ್ಟಾಗಿದ್ದು ಯಾವಾಗ?' ಅಂದರೆ 'ಜಾತ್ರ್ಯಾಗ ರೀ' ಅನ್ನುತ್ತಿದ್ದರು. ಶರಣಬಸವೇಶ್ವರ ಜಾತ್ರೆಯೇನೋ ಸರಿ. ತೇರು ಎಳೆದ ದಿನವೋ, ಅಂಗಡಿ ಕಿತ್ತ ದಿನವೋ? ಡಬಲ್ ಮಾರ್ಕರ್ ಅಂದರೆ ಬಸುರಿಯ ರಕ್ತದಲ್ಲಿ ಎರಡು ವಸ್ತುಗಳನ್ನು (ಅವೇ ಮಾರ್ಕರ್‌ಗಳು) ಅಳೆದು, ಮಗುವಿಗೆ ಡೌನ್ ಸಿಂಡ್ರೋಮ್ ಇರುವ ಸಾಧ್ಯತೆ ಲೆಕ್ಕ ಹಾಕುವ ಪರೀಕ್ಷೆ. ಇದಕ್ಕೆ ಸಿಗುವ ಸಮಯವೇ ಒಟ್ಟು ಮೂರು ವಾರ.

ನಮ್ಮ ಜೀವಕೋಶಗಳಲ್ಲಿ 21ನೇ ಕ್ರೋಮೋಸೋಮ್ (ವಂಶವಾಹಿಗಳನ್ನು ಹೊತ್ತ ಎಳೆ) ಎರಡು ಇರುತ್ತವೆ. ಮೂರಿದ್ದರೆ ಡೌನ್ ಸಿಂಡ್ರೋಮ್, ಅಂದರೆ ಮಗುವಿನ ಬುದ್ಧಿ, ಬೆಳವಣಿಗೆ ನಿಧಾನವಾಗುವ ಸ್ಥಿತಿ. ಹೊಟ್ಟೆಯಲ್ಲಿರುವ ಮಗುವಿಗೆ ಅದು ಇರುವ ಸಾಧ್ಯತೆ ಎಷ್ಟು ಅನ್ನುವುದನ್ನಷ್ಟೇ ಸ್ಕ್ರೀನಿಂಗ್ ಹೇಳುತ್ತದೆ.

ಮೊದಲ ಕೆಲಸ ತಾರೀಖು. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಬೇಕು. ಮುಟ್ಟು ತಪ್ಪಿದ ದಿನದಿಂದ ಎಣಿಸಿ ನಾಲ್ಕು ವಾರ ಕಳೆದುಕೊಂಡವರನ್ನು ಎಷ್ಟೋ ಜನ ನೋಡಿದ್ದೇನೆ. ಪರೀಕ್ಷೆ ಮಾಡಿಸಬೇಕಾದದ್ದು 11 ವಾರ ತುಂಬಿದಲ್ಲಿಂದ 13 ವಾರ 6 ದಿನದ ತನಕ, ಅಂದರೆ 77ರಿಂದ 97 ದಿನ. ನನ್ನ ಮಾತು ಕೇಳುವುದಾದರೆ 12 ವಾರಕ್ಕೇ ಹೋಗಿ. ಮಗು ಮುದುಡಿ ಮಲಗಿ ಅಳತೆ ಸಿಗದಿದ್ದರೆ ಇನ್ನೊಮ್ಮೆ ಹೋಗಲು ದಿನ ಉಳಿದಿರುತ್ತವೆ. ಮುಟ್ಟು ಏರುಪೇರಾಗುವವರು 7–8 ವಾರಕ್ಕೇ ಒಂದು ಸ್ಕ್ಯಾನ್ ಮಾಡಿಸಿ, ಆ ಲೆಕ್ಕ ಹಿಡಿಯಿರಿ. 'ಮೂರು ತುಂಬುವ ತನಕ ಯಾರಿಗೂ ಹೇಳಬ್ಯಾಡ' ಅನ್ನುವ ಪದ್ಧತಿ ಇದೆಯಲ್ಲ, ಊರಿಗೆ ಹೇಳಬೇಡಿ, ಡಾಕ್ಟರಿಗೆ ಹೇಳಿ.

ಆಮೇಲೆ ಎನ್.ಟಿ. ಸ್ಕ್ಯಾನ್. ಮಗುವಿನ ಕತ್ತಿನ ಹಿಂದೆ ತುಂಬಿರುವ ನೀರನ್ನು ಅಳೆಯುತ್ತಾರೆ. ಮಗುವಿನ ಉದ್ದ 45ರಿಂದ 84 ಮಿಲಿಮೀಟರ್ ಒಳಗಿರಬೇಕು. ಗಂಡೋ ಹೆಣ್ಣೋ ಅಂತ ಕೇಳಲೇಬೇಡಿ, 1994ರ ಕಾನೂನಿನ ಪ್ರಕಾರ ಅದು ಅಪರಾಧ.

ನಂತರ ರಕ್ತ. ಉಪವಾಸ ಬೇಕಿಲ್ಲ, ರೊಟ್ಟಿ ತಿಂದೇ ಬನ್ನಿ. ಎಡವಟ್ಟಾಗುವುದು ಸೂಜಿ ಚುಚ್ಚುವಾಗ ಅಲ್ಲ, ಫಾರ್ಮ್ ತುಂಬುವಾಗ. ತೂಕವನ್ನು ಅಂದಾಜಿನಲ್ಲಿ ಹೇಳಬೇಡಿ, ತಕ್ಕಡಿ ಮೇಲೆ ನಿಲ್ಲಿ. ತೂಕ ಜಾಸ್ತಿ ಇದ್ದವರ ರಕ್ತದಲ್ಲಿ ಈ ಎರಡು ಮಾರ್ಕರ್‌ಗಳ ಪ್ರಮಾಣ ಕಡಿಮೆ ತೋರುತ್ತದೆ, ಕಂಪ್ಯೂಟರ್ ಅದನ್ನು ಸರಿದೂಗಿಸಬೇಕು. ಇನ್ನು ವಯಸ್ಸು. ನಮ್ಮ ಕಡೆ ಎಷ್ಟೋ ಜನರ ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1! ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದ ವರ್ಷವೂ ನಂಬುವಂಥದ್ದಲ್ಲ. ತಾಯಿಗೆ 20 ವರ್ಷವಾದರೆ ಸಾಧ್ಯತೆ ಸುಮಾರು 1500ಕ್ಕೆ ಒಂದು, 35ಕ್ಕೆ ಸುಮಾರು 350ಕ್ಕೆ ಒಂದು, 40ಕ್ಕೆ ಸುಮಾರು 100ಕ್ಕೆ ಒಂದು. ಹಾಗಾಗಿ ಅವ್ವನನ್ನು ಕೇಳಿ ನಿಜವಾದ ವಯಸ್ಸನ್ನೇ ಹೇಳಿ. ಅವಳಿ ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಐವಿಎಫ್ ಆಗಿದ್ದರೆ ಅದನ್ನೂ ಬರೆಸಿ.

ಬರೀ ರಕ್ತ ಕೊಟ್ಟರೆ ಸಾಕು ಅನ್ನುವ ಪ್ಯಾಕೇಜ್ ಬೇಡ. ಸ್ಕ್ಯಾನೂ ರಕ್ತವೂ ಸೇರಿದರೆ ಡೌನ್ ಇರುವ 100 ಮಕ್ಕಳಲ್ಲಿ 85ರಿಂದ 90 ಗೊತ್ತಾಗುತ್ತವೆ. ಒಂದನ್ನೇ ಮಾಡಿಸಿದರೆ ತಪ್ಪಿಹೋಗುವುದು ಜಾಸ್ತಿ.

ರಿಪೋರ್ಟ್ ಓದುವುದರಲ್ಲಿ ಎಲ್ಲರೂ ಎಡವುತ್ತಾರೆ. ಆಳಂದ ಕಡೆಯ ಅತ್ತೆಯೊಬ್ಬರು 1:1200 ನೋಡಿ 'ಅಯ್ಯ, ಸಾವಿರದ ಮ್ಯಾಲ ಬಂದದ' ಅಂತ ಅಳತೊಡಗಿದ್ದರು. ದೊಡ್ಡ ನಂಬರ್ ಬಂದರೆ ಒಳ್ಳೆಯದು ರೀ! ಅದರ ಅರ್ಥ ಇಂಥದೇ ರಿಪೋರ್ಟ್ ಬಂದ 1200 ಜನರಲ್ಲಿ ಒಬ್ಬರ ಮಗುವಿಗೆ ಡೌನ್ ಇರಬಹುದು ಅಂತ. ಸಾಮಾನ್ಯವಾಗಿ 1:250ರ ಆಚೀಚೆ ಗೆರೆ ಎಳೆಯುತ್ತಾರೆ. 1:100 ಬಂದು 'ಹೈ ರಿಸ್ಕ್' ಅಂತ ಕೆಂಪಕ್ಷರದಲ್ಲಿ ಇದ್ದರೂ 100ರಲ್ಲಿ 99 ಮಕ್ಕಳಿಗೆ ಡೌನ್ ಇರುವುದಿಲ್ಲ. ಆ ಹಾಳೆ ಹಿಡಿದು ಗರ್ಭ ತೆಗೆಸುವ ಮಾತಾಡಬೇಡಿ. ಮುಂದಿನದು ಎನ್‌ಐಪಿಟಿ, ಅಂದರೆ ತಾಯಿಯ ರಕ್ತದಲ್ಲಿ ಸೇರಿರುವ ಮಗುವಿನ ಕಡೆಯ ಡಿಎನ್‌ಎ ನೋಡುವ ಪರೀಕ್ಷೆ. 100ಕ್ಕೆ ಸುಮಾರು 99 ಹಿಡಿಯುತ್ತದೆ, ದುಬಾರಿ, ಆದರೂ ಅದೂ ಸ್ಕ್ರೀನಿಂಗೇ. ಖಚಿತವಾಗಿ ಗೊತ್ತಾಗಬೇಕಾದರೆ ಮಾಸುಚೀಲದ ಚೂರನ್ನೋ, 15 ವಾರದ ನಂತರ ಗರ್ಭದ ನೀರನ್ನೋ ತೆಗೆದು ಪರೀಕ್ಷಿಸಬೇಕು.

ಆ ಮೂರು ವಾರ ಕಳೆದೇ ಹೋಗಿದ್ದರೆ 15ರಿಂದ 20 ವಾರದ ಒಳಗೆ ಕ್ವಾಡ್ರುಪಲ್ ಮಾರ್ಕರ್ ಇದೆ, ಅದು ನಾಲ್ಕು ಮಾರ್ಕರ್ ಅಳೆಯುವ ರಕ್ತ ಪರೀಕ್ಷೆ. ರಿಸ್ಕ್ ಕಡಿಮೆ ಬಂದವರೂ ಐದನೇ ತಿಂಗಳ ಸ್ಕ್ಯಾನ್ ಬಿಡಬಾರದು.

ರಿಪೋರ್ಟುಗಳನ್ನೆಲ್ಲ ತಾಯಿ ಕಾರ್ಡ್ ಜೊತೆ ಒಂದೇ ಚೀಲದಲ್ಲಿಡಿ. ಕುಬಸ ಮುಗಿಸಿ ತವರಿಗೆ ಹೋಗುವಾಗ ಸೀರೆ, ಬಳೆ ಎಲ್ಲ ಒಯ್ದು ಆ ಚೀಲವೊಂದನ್ನೇ ಗಂಡನ ಮನೆಯಲ್ಲಿ ಬಿಟ್ಟು ಬರುವವರೇ ಜಾಸ್ತಿ.