ವೆಬ್‌ಪುಟದ ತೂಕ ಇಳಿಸುವುದು ಹೀಗೆ

ಪರಿಚಯದವರ ಹೋಂಸ್ಟೇ ವೆಬ್‌ಸೈಟು. ಪೇಟೆಯ ವೈಫೈಯಲ್ಲಿ ಫಟ್ಟನೆ ತೆರೆಯುತ್ತಿದ್ದದ್ದು ಅವರದೇ ಜಗಲಿಯಲ್ಲಿ ಕೂತು ಮೊಬೈಲ್ ಹಿಡಿದರೆ ಬರೀ ಬಿಳಿ ಪರದೆ. ಸರಿಮಾಡಲು ಒಂದು ಸಂಜೆ ಸಾಕಾಯಿತು.

ಮೊದಲು ಅಳೆಯಿರಿ. ಕಂಪ್ಯೂಟರಿನ ಕ್ರೋಮ್‌ನಲ್ಲಿ ಪುಟ ತೆರೆದು ಎಫ್12 ಒತ್ತಿ, 'ನೆಟ್‌ವರ್ಕ್' ವಿಭಾಗದಲ್ಲಿ 'ಡಿಸೇಬಲ್ ಕ್ಯಾಶ್'ಗೆ ಟಿಕ್ ಹಾಕಿ (ಕ್ಯಾಶ್ ಎಂದರೆ ಬ್ರೌಸರ್ ಹಿಂದೆಯೇ ಇಳಿಸಿಟ್ಟುಕೊಂಡ ಪ್ರತಿಗಳು), ವೇಗವನ್ನು 'ಸ್ಲೋ 4ಜಿ'ಗೆ ಇಳಿಸಿ ರೀಲೋಡ್ ಮಾಡಿ. 'ಸೈಜ್' ಕಾಲಂ ಒತ್ತಿದರೆ ಪುಟವನ್ನು ಭಾರ ಮಾಡಿದ ಕಳ್ಳರು ಸಾಲಾಗಿ ನಿಲ್ಲುತ್ತಾರೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕೆಂಬುದು ಗೂಗಲ್ ಇಟ್ಟಿರುವ ಗುರಿ.

ನಿರೀಕ್ಷಿಸಿದಂತೆ ಫೋಟೊಗಳೇ ಮುಂದಿದ್ದವು. ಫೋನಿನಿಂದ ನೇರ ಏರಿಸಿದ ಅಡಿಕೆ ತೋಟದ ಚಿತ್ರ 4000 ಪಿಕ್ಸೆಲ್ ಅಗಲ, ನಾಲ್ಕು ಎಂಬಿ. ಪುಟದಲ್ಲಿ ಕಾಣುವುದೋ ಅಂಗೈ ಅಗಲ! ಸ್ಕ್ವೂಶ್ ಎಂಬ ಉಚಿತ ತಾಣದಲ್ಲಿ ಅಗಲ 1200ಕ್ಕೆ ಇಳಿಸಿ, ವೆಬ್‌ಪಿ ಎಂಬ ಹಗುರ ಚಿತ್ರರೂಪದಲ್ಲಿ, ಗುಣಮಟ್ಟ 75ರ ಆಸುಪಾಸು ಇಟ್ಟು ಉಳಿಸಿ. ಕಣ್ಣಿಗೆ ವ್ಯತ್ಯಾಸ ತಿಳಿಯುವುದೇ ಅಪರೂಪ. ಕೆಳಗಿನ ಚಿತ್ರಗಳಿಗೆ ಲೇಜಿ ಲೋಡಿಂಗ್ ಹಾಕಿ, ಅಂದರೆ ಓದುಗರು ಹತ್ತಿರ ಬಂದಾಗಲಷ್ಟೇ ಚಿತ್ರ ಇಳಿಯುವಂತೆ ಮಾಡಿ. ಮೇಲ್ತುದಿಯ ದೊಡ್ಡ ಚಿತ್ರಕ್ಕೆ ಮಾತ್ರ ಬೇಡ, ಅದು ಇನ್ನೂ ತಡವಾಗುತ್ತದೆ. ಪ್ರತಿ ಚಿತ್ರದ ಅಗಲ, ಎತ್ತರ ಕೋಡ್‌ನಲ್ಲಿ ಬರೆದಿಡಿ. ಇಲ್ಲವಾದರೆ ಓದುತ್ತಿದ್ದ ಸಾಲು ತಟಕ್ಕನೆ ಕೆಳಗೆ ಜಾರುತ್ತದೆ.

ಇನ್ನು ಫಾಂಟು. ಒತ್ತಕ್ಷರ, ಗುಣಿತಗಳಿಗೆಲ್ಲ ಪ್ರತ್ಯೇಕ ಆಕಾರ ಬೇಕಾದ್ದರಿಂದ ಕನ್ನಡ ಫಾಂಟುಗಳು ಇಂಗ್ಲಿಷಿನವಕ್ಕಿಂತ ಸಾಮಾನ್ಯವಾಗಿ ಭಾರ. ವೆಬ್ಬಿಗೆಂದೇ ಕುಗ್ಗಿಸಿದ ವೋಫ್2 ರೂಪದ ಫೈಲನ್ನೇ ಬಳಸಿ. ಒಂದು ಸಾದಾ, ಒಂದು ದಪ್ಪ, ಎರಡೇ ಸಾಕು. ಫಾಂಟ್ ಡಿಸ್‌ಪ್ಲೇಯನ್ನು 'ಸ್ವಾಪ್' ಎಂದಿಟ್ಟರೆ ಫಾಂಟು ಬರುವ ತನಕ ಫೋನಿನಲ್ಲಿರುವ ಅಕ್ಷರವೇ ಕಾಣುತ್ತದೆ. ತೂಕ ಇಳಿಸುವ ಹುಮ್ಮಸ್ಸಿನಲ್ಲಿ ಬೇಡದ ಅಕ್ಷರಗಳನ್ನು ತೆಗೆದು ಫಾಂಟನ್ನು ಕತ್ತರಿಸುವಾಗ ಜೋಡಣೆಯ ನಿಯಮಗಳು ಉದುರಿಹೋದವೋ, 'ಸ್ತ್ರೀ' ಒತ್ತು ಕಳಚಿಕೊಂಡು 'ಸ್‌ತ್‌ರೀ' ಆಗಿ ನಿಲ್ಲುತ್ತದೆ. ನನಗೂ ಒಮ್ಮೆ ಆಗಿದೆ.

ಕನ್ನಡ ಪಠ್ಯ ಭಾರವೆಂಬ ಭಯ ಬೇಡ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಸಂಕೇತಕ್ಕೆ (ಅಕ್ಷರ, ಗುಣಿತದ ಗುರುತು ಇತ್ಯಾದಿ) ಮೂರು ಬೈಟ್ ಹೌದು, ಆದರೆ ಐದು ಸಾವಿರ ಸಂಕೇತ ಬರೆದರೂ 15 ಕೆಬಿ ಅಷ್ಟೇ. ಸರ್ವರಿನಲ್ಲಿ ಜಿಜಿಪ್ ಅಥವಾ ಬ್ರಾಟ್ಲಿ ಎಂಬ ಕುಗ್ಗಿಸುವ ವಿಧಾನ ಚಾಲೂ ಇದ್ದರೆ ಅದೂ ಕುಗ್ಗುತ್ತದೆ. ಚಿತ್ರ, ಫಾಂಟುಗಳಿಗೆ ಒಂದು ವರ್ಷದ ಕ್ಯಾಶ್ ಅವಧಿ ಕೊಡಿ. ಫೈಲು ಬದಲಿಸಿದಾಗ ಹೆಸರೂ ಬದಲಿಸಿ, ಇಲ್ಲವಾದರೆ ಹಳೆಯದೇ ಕಾಣುತ್ತಿರುತ್ತದೆ.

ಕೊನೆಗೆ ಬೇಡದ ಸ್ಕ್ರಿಪ್ಟುಗಳು, ಅಂದರೆ ಪುಟದೊಳಗೆ ಓಡುವ ಪುಟ್ಟ ಪ್ರೋಗ್ರಾಂಗಳು. ಚಾಟ್ ಗುಂಡಿ, ಶೇರ್ ಗುಂಡಿ ತೆಗೆದೆವು. ತಾನಾಗಿ ಓಡುವ ಸ್ಲೈಡರ್ ತೆಗೆಯಲು ಮಾತ್ರ ಮಾಲೀಕರು ಸುತಾರಾಂ ಒಪ್ಪಲಿಲ್ಲ. ಎಂಟಿದ್ದ ಚಿತ್ರಗಳನ್ನು ಮೂರಕ್ಕೆ ಇಳಿಸಿ ರಾಜಿಯಾದೆವು.