‘ಹಚ್ಚು’ ಎಲ್ಲಿ, ‘ಹತ್ತು’ ಎಲ್ಲಿ? ಬೆಂಕಿ ಮಾತು ತಪ್ಪದಂಗ ಆಡೋದು ಹೆಂಗ

ಹುಬ್ಬಳ್ಳಿಗೆ ಹೊಸದಾಗಿ ಬಂದು ಕನ್ನಡ ಕಲಿಯೋರು ‘ನಾನು ಒಲೆ ಹತ್ತಿದೆ’ ಅಂತಾರ, ಕೇಳಿದವ್ರಿಗೆ ಒಲಿ ಮ್ಯಾಲ ಏರಿ ನಿಂತಂಗ ಅನಸ್ತೈತಿ. ನಮ್ಮ ಹುಡುಗ್ರೂ ಈಗ ‘ದೀಪ ಆನ್ ಮಾಡು’ ಅನ್ನಾಕ ಹತ್ಯಾರ. ಅದಕ್ಕ ಇದನ್ನ ಬರದೀನಿ.

ಮೊದಲ ‘ಮಾಡಿದವ್ರು ಯಾರು?’ ಅಂತ ಕೇಳ್ಕೊಳ್ರಿ. ಉತ್ತರ ಸಿಕ್ರ ಹಚ್ಚು, ಸಿಗದಿದ್ರ ಹತ್ತು. ಅವ್ವ ಒಲಿ ಹಚ್ಚಿದ್ಲು, ಕಟ್ಟಗಿ ಹಸಿ ಇತ್ತು, ಹತ್ತಲಿಲ್ಲ. ಎಲ್ಲಾರೂ ಎಡವೋದು ಇಲ್ಲೇ. ‘ಬಣವಿಗೆ ಬೆಂಕಿ ಹತ್ತಿತು’ ಅಂದ್ರ ಯಾರ ಮ್ಯಾಲೂ ದೂರಿಲ್ಲ, ‘ಬಣವಿಗೆ ಬೆಂಕಿ ಹಚ್ಚಿದ್ರು’ ಅಂದ್ರ ಯಾರೋ ಬೇಕಂತ ಮಾಡ್ಯಾರ ಅಂತ, ಒಂದ ಒತ್ತಕ್ಷರದಾಗ ಪೊಲೀಸ್ ಕೇಸ್ ಆಗೋವಷ್ಟು ಫರಕ್ ಐತಿ, ಸುದ್ದಿ ಬರೆಯೋರಂತೂ ಎರಡೆರಡು ಸಲ ನೋಡಬೇಕು.

ಎರಡರ ಬೇರೂ ಒಂದ, ಅಂಟೋದು. ಹಳಗನ್ನಡದಾಗ ಅದು ‘ಪತ್ತು’, ಪಾಲು ಹಾಲಾದಂಗ ಪತ್ತು ಹತ್ತಾತು. ಬೆಂಕಿ ತಾನ ಅಂಟಿದ್ರ ಹತ್ತಿತು, ನಾವು ಅಂಟಿಸಿದ್ರ ಹಚ್ಚಿದ್ವಿ. ಇದು ತಲ್ಯಾಗ ಕುಂತ್ರ ಉಳಿದದ್ದೆಲ್ಲಾ ಸಲೀಸು: ತಲಿಗೆ ಎಣ್ಣಿ ಹಚ್ಚೋದು, ಕೂಸಿನ್ನ ಸಾಲಿಗೆ ಹಚ್ಚೋದು, ಫೋನ್ ಹಚ್ಚೋದು, ಎಣ್ಣಿ ಖಾರ ಹಚ್ಚಿದ ಅವಲಕ್ಕಿ, ಮತ್ತ ಆ ಕಡೆ ನಿದ್ದಿ ಹತ್ತೋದು, ‘ಬರಾಕ ಹತ್ತೀನಿ’ ಅನ್ನೋದು. ಮೊಬೈಲ್‌ನ ಅನುವಾದದ ಆ್ಯಪ್ ನಂಬಬ್ಯಾಡ್ರಿ, ನನಗ ಒಂದು ಆ್ಯಪ್ ‘ಬೆಂಕಿ ಪ್ರಾರಂಭಿಸಿ’ ಅಂತ ಕೊಟ್ಟಿತ್ತು, ಹಂಗ ಯಾರೂ ಮಾತಾಡೂದಿಲ್ಲ.

ಆಮ್ಯಾಲ, ಏನಕ್ಕ ಹಚ್ಚತೀರಿ ನೋಡ್ರಿ. ದೀಪ, ಒಲಿ, ಊದಿನಕಡ್ಡಿ ಎಲ್ಲಾ ಹಚ್ಚೋದ. ಕಡ್ಡಿಪೆಟ್ಟಿಗಿ ಕಡ್ಡಿ ಮಾತ್ರ ಗೀರೋದು. ಹೋಳಿಯಾಗ ಕಾಮಣ್ಣನ್ನ ಸುಡತೀವಿ. ‘ಬೆಂಕಿ ಇಡೋದು’ ಚಿತೆಗೆ, ಮನಿ ಒಲಿಗೆ ಆ ಮಾತು ತರಲೇಬಾರದು, ಹಿರ್ಯಾರ ಮನಸ್ಸಿಗೆ ನೋವಾಗ್ತೈತಿ. ‘ಹೊತ್ತಿಸು’ ತಪ್ಪಲ್ಲ, ಬರವಣಿಗಿಗೆ ಛಲೋನೂ ಐತಿ, ಆದ್ರ ದೇವ್ರ ಮುಂದಿನ ದೀಪಕ್ಕ ನಾನು ‘ಹಚ್ಚು’ ಬಿಟ್ಟು ಬ್ಯಾರೆ ಒಪ್ಪೂದಿಲ್ಲ. ಆ ದೀಪ ‘ಆರಿಸು’ ಅನ್ನಬ್ಯಾಡ್ರಿ, ‘ಶಾಂತ ಮಾಡು’ ಅನ್ರಿ.

ಕಾಲ ಬದಲಿಸೋದು ಸುಲಭ: ಹಚ್ಚತೀನಿ (ಈಗ, ಇಲ್ಲಾ ಮುಂದ), ಹಚ್ಚಿದೆ (ಆಗಿ ಹೋದದ್ದು), ಹಚ್ಚೀನಿ (ಹಚ್ಚಿ ಆಗೇತಿ).

ಟೈಪ್ ಮಾಡೋವಾಗ ಕೀಬೋರ್ಡ್ ‘ಹಚ್ಚು’ ಅನ್ನೋದನ್ನ ‘ಹೆಚ್ಚು’ ಮಾಡಿಬಿಡ್ತೈತಿ, ಕಳಿಸೋಕ್ಕಿಂತ ಮೊದಲ ನೋಡ್ರಿ. ಉಳ್ಳಾಗಡ್ಡಿ ಹೆಚ್ಚೋದು, ದೀಪ ಹಚ್ಚೋದು.